ಪಟಾಲಮ್ಮನ ಹೆಲ್ತ್ ಫೈಲು

ಕೆಂಗೇರಿಯ ಆ ನರ್ಸಿಂಗ್ ಕಾಲೇಜಿಗೆ ಐದು ಜನ ಪ್ರಿನ್ಸಿಪಾಲರು ಬಂದುಹೋಗಿದ್ದರು. ಕಟ್ಟಡ ಎರಡು ಸಲ ಬದಲಾಗಿತ್ತು, ಬೋರ್ಡಿನ ಮೇಲಿನ ಹೆಸರು ಒಂದು ಸಲ. ಅಲುಗಾಡದೆ ಉಳಿದವಳು ಪಟಾಲಮ್ಮ ಒಬ್ಬಳೇ. ಹೆಸರಿಗೆ ಕ್ಲರ್ಕು, ಆದರೆ ಬೀರುವಿನ ಬೀಗದ ಕೈಯಿಂದ ಹಿಡಿದು ಕ್ಯಾಂಪಿಗೆ ಬರುವ ಡಾಕ್ಟರರ ರಬ್ಬರ್ ಸ್ಟಾಂಪಿನವರೆಗೆ ಎಲ್ಲವೂ ಅವಳ ಡ್ರಾಯರಿನಲ್ಲೇ ಇರುತ್ತಿದ್ದವು. ಯಾವ ಹುಡುಗಿಯ ಮಾರ್ಕ್ಸ್ ಕಾರ್ಡು ಎಲ್ಲಿ ಸಿಕ್ಕಿಕೊಂಡಿದೆ, ಯಾರ ಟೀಸಿ ಇನ್ನೂ ಬಂದಿಲ್ಲ ಎಂದು ಕೇಳಿದರೆ ಕಂಪ್ಯೂಟರು ಆನ್ ಆಗುವುದರೊಳಗೆ ಅವಳು ಉತ್ತರ ಹೇಳಿ ಮುಗಿಸುತ್ತಿದ್ದಳು.

ಹುಟ್ಟಿ ಬೆಳೆದದ್ದು ಕಾಮಾಕ್ಷಿಪಾಳ್ಯದಲ್ಲಿ. ಅಪ್ಪ ಬೈರಯ್ಯ ಲೇತ್ ಮೆಷಿನ್ನಿನ ಮುಂದೆ ಮೂವತ್ತು ವರ್ಷ ನಿಂತವನು. ಬಲಗೈಯ ಎರಡು ಬೆರಳ ತುದಿಯನ್ನು ಆ ಮೆಷಿನ್ನಿಗೇ ಕೊಟ್ಟವನು. ಮಗಳನ್ನು ಅಂಥ ಕೆಲಸದ ಹತ್ತಿರಕ್ಕೂ ಬಿಡೆನೆಂದು ಹಠ ಹಿಡಿದು ರಾಜಾಜಿನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದ. ಕಾಗದದ ಕೆಲಸವೆಂದರೆ ಯಾರಿಗೂ ಪೆಟ್ಟಾಗದ ಕೆಲಸ ಎಂಬುದು ಅವನ ನಂಬಿಕೆ. ಮಗಳೂ ಅದನ್ನೇ ನಂಬಿದಳು. ಮದುವೆಯಾಗಿ ಬಸವೇಶ್ವರನಗರದ ಬಾಡಿಗೆ ಮನೆಗೆ ಬಂದ ಮೇಲೂ, ಇಪ್ಪತ್ತೆರಡು ವರ್ಷ ಕೆಂಗೇರಿಗೆ ಹೋಗಿ ಬರುತ್ತಾ ಕಾಗದ ತುಂಬಿದ ಮೇಲೂ, ಆ ನಂಬಿಕೆ ಹಾಗೇ ಇತ್ತು.

ಹೊಸ ಮಕ್ಕಳು ಸೇರುವ ದಿನ ಅವಳು ಒಬ್ಬೊಬ್ಬರಿಗೂ ಒಂದು ಪಟ್ಟಿ ಕೊಡುತ್ತಿದ್ದಳು. ರಕ್ತದ ಗುಂಪಿನ ಚೀಟಿ, ಎದೆಯ ಎಕ್ಸ್‌ರೇ, ಧನುರ್ವಾಯು ಇಂಜೆಕ್ಷನ್, ಚಿಕನ್ ಪಾಕ್ಸ್ ಆಗಿತ್ತೋ ಇಲ್ಲವೋ, ಕೊನೆಗೆ ಹೆಪಟೈಟಿಸ್ ಬಿ ಲಸಿಕೆ. ಈ ಕೊನೆಯದರ ಹತ್ತಿರ ಅಪ್ಪ ಅಮ್ಮಂದಿರು ನಿಂತುಬಿಡುತ್ತಿದ್ದರು. ಇದು ರಕ್ತದಿಂದ ಹರಡುವ ಕಾಮಾಲೆ, ಸೂಜಿ ಹಿಡಿಯುವವರಿಗೆ ಇದರ ಭಯ ಜಾಸ್ತಿ, ಲಿವರನ್ನೇ ತಿಂದುಹಾಕುತ್ತದೆ, ಮೂರು ಡೋಸು ಹಾಕಿಸಬೇಕು ಎಂದು ಅವಳು ಬಾಯಿಪಾಠ ಒಪ್ಪಿಸುತ್ತಿದ್ದಳು. ಇವತ್ತೊಂದು, ತಿಂಗಳು ಬಿಟ್ಟು ಇನ್ನೊಂದು, ಆರು ತಿಂಗಳಿಗೆ ಮತ್ತೊಂದು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿ ಮೈಯಲ್ಲಿ ಶಕ್ತಿ ಬಂದಿದೆಯೋ ಇಲ್ಲವೋ ನೋಡಬೇಕು. ಬಾದಾಮಿಯ ಕಡೆಯಿಂದ ಮಗಳನ್ನು ಸೇರಿಸಲು ಬಂದಿದ್ದ ಭರಮಪ್ಪನೆಂಬ ಟೇಲರು ಇದನ್ನೆಲ್ಲ ಕೈಕಟ್ಟಿ ಕೇಳಿಸಿಕೊಂಡು, "ಸಣ್ಣಾಕಿ ಇದ್ದಾಗ ಎಲ್ಲಾ ಹಾಕ್ಸೇವ್ರಿ ಮೇಡಂ. ಕಾರ್ಡ ಇಲಿ ತಿಂದೈತ್ರಿ. ಇನ್ನ ಮುಂದಿಂದು ನೀವ ನೋಡ್ಕೋರಿ," ಎಂದಿದ್ದ. ನೋಡಿಕೊಳ್ಳುತ್ತೇನೆ ಎಂದು ಪಟಾಲಮ್ಮ ಮಾತು ಕೊಟ್ಟಿದ್ದಳು. ಅವಳು ಎಲ್ಲರಿಗೂ ಕೊಡುತ್ತಿದ್ದ ಮಾತೇ ಅದು.

ನೋಡಿಕೊಳ್ಳುವ ಬಗೆ ಹೇಗಿತ್ತೆಂದರೆ, ಶುಕ್ರವಾರ ಕಾಲೇಜಿನಲ್ಲಿ ಲಸಿಕೆ ಕ್ಯಾಂಪು ನಡೆಯುತ್ತಿತ್ತು. ಅರ್ಧ ಜನರಿಗೆ ಹಾಕುವುದರೊಳಗೆ ಮದ್ದು ಮುಗಿಯುತ್ತಿತ್ತು. ಕೆಲವರು ಊರಿಗೆ ಹೋಗಿರುತ್ತಿದ್ದರು, ಕೆಲವರಿಗೆ ಜ್ವರ, ಕೆಲವರು ಸೂಜಿಗೆ ಹೆದರಿ ಬಾತ್‌ರೂಮಿನಲ್ಲಿ ಅಡಗುತ್ತಿದ್ದರು. ಸೂಜಿಗೆ ಹೆದರುವ ನರ್ಸುಗಳು! ಉಳಿದವರಿಗೆ ಮುಂದಿನ ವಾರ ಎನ್ನುತ್ತಿದ್ದರು, ಮುಂದಿನ ವಾರ ಬರುತ್ತಿರಲಿಲ್ಲ. ಇನ್‌ಸ್ಪೆಕ್ಷನ್ ಮಾತ್ರ ಹೇಳಿದ ದಿನಕ್ಕೆ ಬರುತ್ತಿತ್ತು. ಹೆಲ್ತ್ ಫೈಲಿನಲ್ಲಿ ಒಂದು ಖಾನೆ ಖಾಲಿ ಇದ್ದರೂ ಆ ಹುಡುಗಿಗೆ ಆಸ್ಪತ್ರೆಯ ಪೋಸ್ಟಿಂಗ್ ಇಲ್ಲ, ಪೋಸ್ಟಿಂಗ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಆ ಮಕ್ಕಳ ವರ್ಷ ಹಾಳಾಗುವುದನ್ನು ನೋಡಿಕೊಂಡು ಕೂರುವ ಜಾಯಮಾನ ಪಟಾಲಮ್ಮನದಲ್ಲ. ಅವಳೇ ತುಂಬಿಸುತ್ತಿದ್ದಳು.

ತುಂಬಿಸುವುದರಲ್ಲಿ ಅವಳಷ್ಟು ಶ್ರದ್ಧೆ ಇನ್ನೊಬ್ಬರಿಗೆ ಇರಲಾರದು. ಒಂದೇ ಪೆನ್ನಿನಲ್ಲಿ ಮೂರು ತಾರೀಕು ಬರೆಯುವ ದಡ್ಡತನ ಅವಳದಲ್ಲ. ಮೊದಲ ಡೋಸಿಗೆ ನೀಲಿ ರೀಫಿಲ್ಲು, ಎರಡನೆಯದಕ್ಕೆ ಕಪ್ಪು, ಮೂರನೆಯದಕ್ಕೆ ಮಸಿ ಕಕ್ಕುವ ಜೆಲ್ ಪೆನ್ನು. ಸ್ಟಾಂಪನ್ನು ಒಂದು ಕಡೆ ಗಾಢವಾಗಿ, ಇನ್ನೊಂದು ಕಡೆ ಒಣಗಿಸಿ ಒತ್ತುವಳು. ಎದುರಿಗೆ ಕ್ಯಾಲೆಂಡರ್ ಇಟ್ಟುಕೊಂಡು ಭಾನುವಾರ, ಸರ್ಕಾರಿ ರಜೆ, ಹಬ್ಬ ಎಲ್ಲ ತಪ್ಪಿಸಿ ಶುಕ್ರವಾರವನ್ನೇ ಆರಿಸುವಳು. ಕೆಲಸ ಮುಗಿದ ಮೇಲೆ ಕ್ಯಾಂಪಿನ ಅಸಲು ಪಟ್ಟಿಯನ್ನೂ ಲ್ಯಾಬಿನ ಚೀಟಿಗಳನ್ನೂ ಹರಿದುಹಾಕುವಳು, ಎರಡೂ ಇದ್ದರೆ ತಾಳೆ ನೋಡುವವರು ಹುಟ್ಟಿಕೊಳ್ಳುತ್ತಾರೆ. ಇನ್‌ಸ್ಪೆಕ್ಷನ್ನಿನವರು ಒಂದು ಸಲ, ಇಡೀ ಜಿಲ್ಲೆಯಲ್ಲಿ ಇಷ್ಟು ಚೊಕ್ಕ ಫೈಲು ನೋಡಿಲ್ಲ ಎಂದು ಹೊಗಳಿ ಹೋಗಿದ್ದರು. ಆ ದಿನ ಅವಳು ಗಂಡನಿಗೆ ಕೇಸರಿಬಾತು ಮಾಡಿ ಬಡಿಸಿದ್ದಳು.

ಮಕ್ಕಳಿಗೆ ಇದು ಗೊತ್ತಿತ್ತೇ? ಪೂರ್ತಿ ಗೊತ್ತಿರಲಿಲ್ಲ. ಕ್ಯಾಂಪಿನಲ್ಲಿ ಯಾವುದೋ ಸೂಜಿ ಚುಚ್ಚಿಸಿಕೊಂಡಿದ್ದು ಅವರಿಗೆ ನೆನಪು, ಯಾವುದಕ್ಕೆ, ಎಷ್ಟನೆಯದು ಎಂಬುದು ನೆನಪಿಲ್ಲ. ಕಾರ್ಡು ಕೈಗೆ ಬಂದಾಗ ಅದರಲ್ಲಿ ಮೂರೂ ತುಂಬಿರುತ್ತಿತ್ತು. ಸ್ಟಾಂಪು ಬಿದ್ದ ಕಾರ್ಡಿನ ಎದುರು ತಮ್ಮ ನೆನಪನ್ನೇ ತಪ್ಪೆಂದುಕೊಳ್ಳುವ ಮಕ್ಕಳು ಅವು.

ಕಳೆದ ನವೆಂಬರಿನ ಒಂದು ಬುಧವಾರ, ಬೆಳಿಗ್ಗೆ ಹತ್ತೂವರೆಗೆ, ಆಸ್ಪತ್ರೆಯಿಂದ ವಾರದ ಕವರು ಬಂತು. ಹಾಜರಿ ಪಟ್ಟಿಗಳ ನಡುವೆ ಒಂದು ಹಳದಿ ಫಾರಂ ಇತ್ತು. ಸೂಜಿ ಚುಚ್ಚಿಕೊಂಡ ಘಟನೆಯ ವರದಿ. ಫೈಲು ಮಾಡಲೆಂದು ಪಂಚಿಂಗ್ ಮೆಷಿನ್ ಎಳೆದುಕೊಳ್ಳುತ್ತಾ ಪಟಾಲಮ್ಮ ಓದಿದಳು. ಸುವರ್ಣಾ, ತಂದೆ ಭರಮಪ್ಪ, ಮೂರನೇ ವರ್ಷ. ಕಳೆದ ಗುರುವಾರ ವಾರ್ಡಿನಲ್ಲಿ ರಕ್ತ ತೆಗೆದ ಸೂಜಿ ಎಡಗೈ ಹೆಬ್ಬೆರಳಿಗೆ ಆಳವಾಗಿ ಚುಚ್ಚಿದೆ. ರೋಗಿಗೆ ಹೆಪಟೈಟಿಸ್ ಬಿ ಇದೆ. ವಿದ್ಯಾರ್ಥಿನಿಯ ಲಸಿಕೆ ಪೂರ್ಣ, ಕಾರ್ಡು ಪರಿಶೀಲಿಸಿದೆ, ರಕ್ತದಲ್ಲಿ ಪ್ರತಿರೋಧ ಸಾಕಷ್ಟಿದೆ. ಚಿಕಿತ್ಸೆ ಅಗತ್ಯವಿಲ್ಲ. ಕೈ ತೊಳೆಸಿ ಡ್ಯೂಟಿಗೆ ಕಳಿಸಿದೆ.

ಹಿಂದೆ ಪಿನ್ನು ಹೊಡೆದಿದ್ದ ಜೆರಾಕ್ಸು ಪಟಾಲಮ್ಮನದೇ ಕೈಬರಹದ ಕಾರ್ಡಿನದು.

ಪಂಚಿಂಗ್ ಮೆಷಿನ್ನಿನ ಮೇಲಿದ್ದ ಕೈ ಅಲ್ಲೇ ನಿಂತಿತು. ಬೀರು ತೆಗೆದು ಅಸಲು ಕಾರ್ಡು ಹುಡುಕಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ನೀಲಿ, ಕಪ್ಪು, ಜೆಲ್ಲು. ಆದರೆ ಕ್ಯಾಂಪಿನ ದಿನ ನಿಜವಾಗಿ ಹಾಕಿಸಿಕೊಂಡವರ ಕಾರ್ಡು ತುಂಬಿದ್ದವಳೂ ಅವಳೇ, ಪೆನ್ನುಗಳೂ ಅವೇ, ಸ್ಟಾಂಪೂ ಅದೇ. ಈ ಮೂರರಲ್ಲಿ ಯಾವುದು ನಿಜ, ಯಾವುದು ತಾನು ಊಹಿಸಿ ಬರೆದದ್ದು? ಕನ್ನಡಕ ಒರೆಸಿಕೊಂಡು ನೋಡಿದಳು. ಮಗ್ಗುಲಿನ ಹತ್ತು ಕಾರ್ಡು ತೆಗೆದು ಪಕ್ಕಪಕ್ಕ ಇಟ್ಟಳು. ತನ್ನ ಸುಳ್ಳನ್ನು ತಾನೇ ಗುರುತು ಹಿಡಿಯಲಾಗಲಿಲ್ಲ.

ಲ್ಯಾಬಿನ ಗೋಡೆಯ ಮೇಲೆ ಒಂದು ಚಾರ್ಟಿದೆ. ಸೂಜಿ ಚುಚ್ಚಿದರೆ ಏನು ಮಾಡಬೇಕು ಎಂದು ಅದನ್ನು ಟೈಪು ಮಾಡಿದವಳೂ ಪಟಾಲಮ್ಮನೇ. ಲಸಿಕೆ ಪೂರ್ತಿ ಆಗದವರಿಗೆ ಪ್ರತಿರೋಧದ ವಿಶೇಷ ಇಂಜೆಕ್ಷನ್ ಕೊಡಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ಕೊಟ್ಟರೆ ಉತ್ತಮ, ಹೆಚ್ಚೆಂದರೆ ಏಳು ದಿನ. ಗುರುವಾರದಿಂದ ಬುಧವಾರಕ್ಕೆ ಅವಳು ಬೆರಳು ಮಡಚಿ ಎಣಿಸಿದಳು. ಆರು.

ಪ್ರಿನ್ಸಿಪಾಲ್ ರಾಜೇಂದ್ರ ಸರ್ ಆಗಷ್ಟೇ ಕಾಫಿ ತರಿಸಿಕೊಂಡಿದ್ದರು. ಅವಳು ಫಾರಮ್ಮನ್ನು ಮೇಜಿನ ಮೇಲಿಟ್ಟು, "ಸಾರ್, ಈ ಹುಡುಗಿ ಕಾರ್ಡು... ಇವ್ಳು ನಿಜ್ವಾಗ್ಲೂ ಹಾಕ್ಸ್ಕೊಂಡಿದ್ದೋ, ನಾನ್ ತುಂಬಿಸಿದ್ದೋ ಗೊತ್ತಾಗ್ತಿಲ್ಲ," ಎಂದಳು.

ಅವರು ಫಾರಂ ಓದಿ, ಕಾರ್ಡು ತಿರುಗಿಸಿ ನೋಡಿ, ನಕ್ಕರು. "ನಿಮ್ಗೇ ಗೊತ್ತಾಗಲ್ಲ ಅಂದ್ರೆ ಇನ್ಯಾರಿಗ್ ಗೊತ್ತಾಗುತ್ತೆ ಮೇಡಂ? ಆಸ್ಪತ್ರೆಯವ್ರೇ ಏನೂ ಬೇಡ ಅಂತ ಬರ್ದಿದಾರೆ."

"ಕಾರ್ಡ್ ನೋಡಿ ಬರ್ದಿದಾರೆ ಸಾರ್."

"ಮತ್ತೆ, ಕಾರ್ಡ್ ಇರೋದು ಇನ್ಯಾತಕ್ಕೆ? ನೋಡಿ, ಮುಂದಿನ್ ವಾರ ಇನ್‌ಸ್ಪೆಕ್ಷನ್. ಈಗ ಈ ಫೈಲ್ ಸುಳ್ಳು ಅಂತ ನೀವೊಂದ್ ಮಾತ್ ಅಂದ್ರೆ ಕಾಲೇಜು ಹೋಯ್ತು, ನೀವೂ ಹೋದ್ರಿ. ನೂರೆಂಬತ್ತು ಮಕ್ಳು ಬೀದಿಗ್ ಬರ್ತಾರೆ. ಒಬ್ಳಿಗೆ ಒಂದ್ ಸೂಜಿ ತಾಗಿದ್ದಕ್ಕೆ ಇಷ್ಟೆಲ್ಲ ಯಾಕೆ? ಹೋಗಿ, ಫೈಲ್ ಮಾಡಿ."

ಇಪ್ಪತ್ತೆರಡು ವರ್ಷ ಅವರು ಹೇಳಿದ್ದನ್ನು, ಅವರ ಹಿಂದಿನವರು ಹೇಳಿದ್ದನ್ನು, ಮರುಮಾತಿಲ್ಲದೆ ಮಾಡಿದವಳು ಪಟಾಲಮ್ಮ. ಈಗಲೂ ಆಯ್ತು ಸಾರ್ ಎಂದೇ ಹೊರಗೆ ಬಂದಳು. ಆಮೇಲೆ ಫಾರಮ್ಮನ್ನೂ ಕಾರ್ಡನ್ನೂ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಯಾರಿಗೂ ಹೇಳದೆ, ಗೇಟು ದಾಟಿದಳು. ಹಾಜರಿ ಪಟ್ಟಿಯ ಪ್ರಕಾರ ಸುವರ್ಣಾಗೆ ಅವತ್ತು ವಾರದ ರಜೆ. ಅವಳಿರುವುದು ಕಾಮಾಕ್ಷಿಪಾಳ್ಯದ ಅಣ್ಣನ ರೂಮಿನಲ್ಲಿ. ಫೋನು ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಕೆಂಗೇರಿ ಸ್ಟೇಷನ್ನಿನಲ್ಲಿ ಒಂದು ಸಲ, ಮೆಟ್ರೋದೊಳಗೆ ನಾಲ್ಕು ಸಲ, ವಿಜಯನಗರದಲ್ಲಿ ಇಳಿದು ಆಟೋ ಹಿಡಿಯುವಾಗ ಇನ್ನೊಂದು ಸಲ ಮಾಡಿದಳು. ಎತ್ತಲಿಲ್ಲ.

ಆಟೋದಲ್ಲಿ ಅವಳು ದೇವರಿಗೆ ಹರಕೆ ಹೊತ್ತಳು. ಹುಡುಗಿ ಮೂರೂ ಹಾಕಿಸಿಕೊಂಡಿರಲಿ, ಅಷ್ಟೇ ಸಾಕು, ಇನ್ನು ಜೀವಮಾನದಲ್ಲಿ ಒಂದು ಖಾನೆಯನ್ನೂ ಸುಳ್ಳು ತುಂಬಿಸುವುದಿಲ್ಲ. ಆಗಿಹೋದದ್ದನ್ನು ಬದಲಾಯಿಸಿಕೊಡು ಎಂದು ಬೇಡುವುದು ಎಂಥ ಮೂರ್ಖತನವೆಂದು ಅವಳಿಗೆ ಗೊತ್ತಿತ್ತು. ಬೇಡುವುದನ್ನು ಬಿಡಲಿಲ್ಲ.

ಕಾಮಾಕ್ಷಿಪಾಳ್ಯ ಅವಳ ತವರು. ಆದರೂ ವಿಳಾಸ ಸಿಗುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸುವರ್ಣಾಳ ಅಣ್ಣ ವಿಠ್ಠಲ ಊಟ ಡೆಲಿವರಿ ಮಾಡುವವನು, ಗಾರ್ಮೆಂಟ್ಸಿನ ಹಿಂದೆ ರೂಮು ಮಾಡಿಕೊಂಡಿದ್ದಾನೆ ಎಂದಷ್ಟೇ ಅಡ್ಮಿಷನ್ ಫಾರಮ್ಮಿನಲ್ಲಿತ್ತು. ಅಲ್ಲಿ ಗಾರ್ಮೆಂಟ್ಸು ಇಲ್ಲದ ಗಲ್ಲಿ ಯಾವುದಿದೆ? ಅಂಗಡಿಯವರನ್ನು, ಇಸ್ತ್ರಿಯವರನ್ನು, ನಲ್ಲಿಯ ಹತ್ತಿರ ನಿಂತವರನ್ನು ಕೇಳಿದಳು. ಸೀರೆಯ ಸೆರಗಿನಿಂದ ಬೆವರು ಒರೆಸಿಕೊಂಡು, ಮೂರು ಕಡೆ ತಪ್ಪು ಮೆಟ್ಟಿಲು ಹತ್ತಿ ಇಳಿದಳು. ನಾಲ್ಕನೆಯ ಮಹಡಿಯ ತಾರಸಿಯಲ್ಲಿ ಸುವರ್ಣಾ ಬಟ್ಟೆ ಒಣಹಾಕುತ್ತಿದ್ದಳು. ಫೋನು ಕೆಳಗಿನ ರೂಮಿನಲ್ಲಿ ಚಾರ್ಜಿಗಿತ್ತು.

"ಅಯ್ಯ, ಮೇಡಂ! ನೀವ್ ಇಲ್ಲಿ?" ಎಂದು ಹುಡುಗಿ ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು ಓಡಿಬಂದಳು. ಹೆಬ್ಬೆರಳಿನ ಮೇಲೆ ಚುಕ್ಕೆಯಷ್ಟು ಕಲೆ ಬಿಟ್ಟರೆ ಏನೂ ಇರಲಿಲ್ಲ.

ಪಟಾಲಮ್ಮ ಏದುಸಿರಿನಲ್ಲೇ ಕೇಳಿದಳು. "ಸುವರ್ಣಾ, ನಿಜ ಹೇಳು. ಹೆಪಟೈಟಿಸ್ ಇಂಜೆಕ್ಷನ್ ಮೂರೂ ತಗೊಂಡಿದೀಯಾ?"

"ತಗೊಂಡೀನ್ರಿ ಮೇಡಂ."

"ಮೂರೂ?"

"ಹೂಂನ್ರಿ. ಪೂರಾ ಆಗೈತಿ. ಡಾಕ್ಟರೂ ಅದ ಕೇಳಿದ್ರು."

ಪಟಾಲಮ್ಮ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಸಿದು ಕೂತಳು. ಸುವರ್ಣಾ ಗಾಬರಿಯಾಗಿ ಕೆಳಗೆ ಓಡಿ ನೀರು ತಂದಳು. ಪಟಾಲಮ್ಮ ಪೂರ್ತಿ ಚೊಂಬು ಕುಡಿದಳು. ಹರಕೆ ತೀರಿಸುವುದಕ್ಕೆ ಯಾವ ವಾರ ಹೋಗುವುದು ಎಂದು ಕೂಡ ಮನಸ್ಸು ಲೆಕ್ಕ ಹಾಕತೊಡಗಿತು. ಬಂದದ್ದಕ್ಕೆ ಕಾರಣ ಬೇಕಲ್ಲ, ಬ್ಯಾಗಿನಿಂದ ಕಾರ್ಡು ತೆಗೆದು, "ಏನಿಲ್ಲಮ್ಮ, ಫೈಲಿಗೆ ಒಂದ್ ಸಲ ಖಚಿತ ಮಾಡ್ಕೊಳಣ ಅಂತ ಬಂದೆ," ಎಂದಳು.

ಸುವರ್ಣಾ ಕಾರ್ಡನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದು ಓದಿದಳು. ತನ್ನ ಹೆಸರಿರುವ ಕಾಗದವನ್ನು ಆ ಹುಡುಗಿ ಯಾವಾಗಲೂ ಹಾಗೆಯೇ ಓದುವುದು, ಒಂದೊಂದೇ ಸಾಲು. ಎರಡನೆಯ ಸಾಲಿನ ಮೇಲೆ ಅವಳ ಬೆರಳು ನಿಂತಿತು.

"ಮೇಡಂ, ಇಲ್ಲಿ ಸ್ವಲ್ಪ ತಪ್ಪಾಗೈತ್ರಿ. ಹೋದ ವರ್ಷದ ಹಿಂದಿನ ವರ್ಷ ಆಗಸ್ಟ್ ಒಂಬತ್ತು ಅಂತ ಐತಿ. ಅವತ್ತ ನಾಗರ ಪಂಚಮಿರಿ. ಪಂಚಮಿಗೆ ನಾ ಇಲ್ಲಿ ಹೆಂಗ ಇರ್ಲಿ? ಊರಾಗ ಜೋಕಾಲಿ ಆಡಾಕತ್ತಿದ್ನಿ. ಎಂಟ ದಿನ ಇದ್ದು ಬಂದೇನಿ."

ಅವಳು ಚಾರ್ಜಿನಿಂದ ಫೋನು ಕಿತ್ತು ತಂದು ಫೋಟೋ ತೋರಿಸಿದಳು. ಬೇವಿನ ಮರಕ್ಕೆ ಕಟ್ಟಿದ ಹಗ್ಗದ ಜೋಕಾಲಿ, ಅದರ ಮೇಲೆ ನಿಂತು ಜೀಕುತ್ತಿರುವ ಸುವರ್ಣಾ, ಕೈತುಂಬ ಹಸಿರು ಬಳೆ. ಕೆಳಗೆ ತಾರೀಕು, ಆಗಸ್ಟ್ ಒಂಬತ್ತು. "ಅದೊಂದ ತಾರೀಕು ತಿದ್ದಿ ಕೊಡ್ರಿ ಮೇಡಂ. ಇನ್‌ಸ್ಪೆಕ್ಷನ್‌ದಾಗ ಯಾರರೆ ಕೇಳಿದ್ರ ನಿಮಗ ತ್ರಾಸ ಆಗ್ತೈತಿ."

ಪಟಾಲಮ್ಮನಿಗೆ ಆ ಮಧ್ಯಾಹ್ನ ಇಡಿಯಾಗಿ ನೆನಪಿಗೆ ಬಂತು. ಕ್ಯಾಲೆಂಡರ್ ಎದುರಿಟ್ಟುಕೊಂಡಿದ್ದಳು. ಆಗಸ್ಟ್ ಹದಿನಾರರ ಶುಕ್ರವಾರ ವರಮಹಾಲಕ್ಷ್ಮಿ, ಅವತ್ತು ಕ್ಯಾಂಪು ಎಂದರೆ ಬೆಂಗಳೂರಿನಲ್ಲಿ ನಾಯಿಯೂ ನಂಬುವುದಿಲ್ಲವೆಂದು ಬಿಟ್ಟಿದ್ದಳು. ಒಂಬತ್ತನೇ ತಾರೀಕಿನ ಮೇಲೆ ಸಣ್ಣ ಅಕ್ಷರದಲ್ಲಿ ನಾಗರ ಪಂಚಮಿ ಎಂದಿತ್ತು. ಅವಳ ಲೆಕ್ಕದಲ್ಲಿ ಪಂಚಮಿ ಎಂದರೆ ಬೆಳಿಗ್ಗೆ ನಾಗರಕಲ್ಲಿಗೆ ಹಾಲೆರೆದು ಹತ್ತು ಗಂಟೆಗೆ ಆಫೀಸಿನಲ್ಲಿರುವ ಹಬ್ಬ. ಕಾಲೇಜಿಗೆ ರಜೆಯೂ ಇರಲಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಆ ಹಬ್ಬಕ್ಕೆ ಏನಾದರೂ ಮಾಡಿ ತವರು ಸೇರುತ್ತಾರೆಂದು ಅವಳಿಗೆ ಹೊಳೆದಿರಲೇ ಇಲ್ಲ. ಇಪ್ಪತ್ತೇಳು ಖಾಲಿ ಕಾರ್ಡಿಗೆ ಒಂದೇ ಸಮನೆ ಕಪ್ಪು ಪೆನ್ನಿನಲ್ಲಿ ಒಂಬತ್ತನೇ ತಾರೀಕು ಎಳೆದಿದ್ದಳು. ಎರಡನೆಯದೇ ಆಗದವಳ ಮೂರನೆಯ ಖಾನೆಯನ್ನೂ, ರಕ್ತ ಪರೀಕ್ಷೆಯ ಖಾನೆಯನ್ನೂ ಇನ್ಯಾರು ತುಂಬಿಸಿರುತ್ತಾರೆ!

"ತಾರೀಕು ತಪ್ಪಲ್ಲ ಕಣಮ್ಮ," ಎಂದಳು. "ತಾರೀಕಲ್ಲ. ನಾನೇ ಬರ್ದಿದ್ದು. ನಿಂಗೆ ಅದು ಹಾಕೇ ಇಲ್ಲ. ಮುಂದಿಂದೂ ಇಲ್ಲ. ಬ್ಲಡ್ ಟೆಸ್ಟೂ ಇಲ್ಲ. ಎಲ್ಲಾ ನಾನೇ ಕೂತ್ಕೊಂಡ್ ಬರ್ದೆ."

ಸುವರ್ಣಾಗೆ ತಕ್ಷಣ ಅರ್ಥವಾಗಲಿಲ್ಲ. ಕಾರ್ಡನ್ನು ನೋಡಿದಳು, ಮೇಡಮ್ಮನ್ನು ನೋಡಿದಳು. "ನನಗ ಮೂರು ಸಲ ಚುಚ್ಚಿದ್ದು ನೆನಪೈತಲ್ರಿ."

"ಒಂದು ಧನುರ್ವಾಯುದು. ಒಂದು ಬ್ಲಡ್ ಗ್ರೂಪ್‌ಗೆ ರಕ್ತ ತೆಗ್ದಿದ್ದು. ಇದ್ರದ್ದು ಹಾಕಿದ್ರೆ ಒಂದೇ."

ಹುಡುಗಿ ತಾರಸಿಯ ನೆಲದ ಮೇಲೆ ಮೆಲ್ಲಗೆ ಕೂತಳು. ಮೂರನೇ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ಮಲಗಿದವರ ಬೆಡ್‌ಶೀಟು ಬದಲಿಸುವವಳು ಅವಳು. ಯಾರನ್ನೂ ನೋಡದೆ ಹೇಳಿದಳು.

"ಅವತ್ತ ಗ್ಲೌಸ್ ಕಡಿಮಿ ಇದ್ವು ಮೇಡಂ. ಒಂದ ಜೋಡಿ ಉಳದಿತ್ತು. ಫಸ್ಟ್ ಇಯರ್ ಹುಡುಗಿದು ಇನ್ನಾ ಎರಡನೇ ಡೋಸ್ ಆಗಿರ್ಲಿಲ್ಲ. ನಂದು ಪೂರಾ ಆಗೈತಿ, ನನಗೇನೂ ಆಗಂಗಿಲ್ಲ ಅಂತ ಆಕಿಗೆ ಕೊಟ್ನಿ."

ಪಟಾಲಮ್ಮ ಹುಡುಗಿಯ ಕೈ ಹಿಡಿದು ಎಬ್ಬಿಸಹೋದಳು. ಸುವರ್ಣಾ ಕೈಯನ್ನು ಕಿತ್ತುಕೊಂಡಳು. "ನೀವ್ ಮುಟ್ಟಬ್ಯಾಡ್ರಿ," ಎಂದಳು. ಆಮೇಲೆ ತಾನೇ ಎದ್ದು, ಚಪ್ಪಲಿ ಹಾಕಿಕೊಂಡು, ಮುಂದೆ ಮುಂದೆ ಮೆಟ್ಟಿಲು ಇಳಿದಳು. ಅರ್ಧ ಹಿಂಡಿದ ಬಟ್ಟೆಗಳು ಬಕೆಟ್ಟಿನಲ್ಲೇ ಉಳಿದವು.

ಆಸ್ಪತ್ರೆಯ ಕ್ಯಾಶುಯಾಲ್ಟಿಯಲ್ಲಿದ್ದ ಡಾಕ್ಟರಮ್ಮ ಮೂವತ್ತರ ಆಸುಪಾಸಿನವರು, ಬೆಳಗಿನಿಂದ ನಿಂತೇ ಇದ್ದವರು. ಕಾರ್ಡನ್ನು ನೋಡಿ, "ಇದ್ರಲ್ಲಿ ಎಲ್ಲಾ ಸರಿ ಇದೆಯಲ್ಲ," ಎಂದರು.

"ಇದು ಸುಳ್ಳು ಮೇಡಂ," ಎಂದಳು ಪಟಾಲಮ್ಮ. ಸುತ್ತ ಎಂಟು ಹತ್ತು ಜನ ರೋಗಿಗಳ ಕಡೆಯವರು ನಿಂತಿದ್ದರು. "ಕಾಲೇಜ್ ಕ್ಲರ್ಕ್ ನಾನು. ನಾನೇ ಬರ್ದಿರೋದು."

ಡಾಕ್ಟರಮ್ಮ ಒಂದು ಕ್ಷಣ ಅವಳ ಮುಖವನ್ನೇ ನೋಡಿದರು. ಬಯ್ಯುವುದಕ್ಕೂ ಅವರಿಗೆ ಪುರಸೊತ್ತಿರಲಿಲ್ಲ. ಸುವರ್ಣಾಳನ್ನು ಕೂರಿಸಿ ಪರೀಕ್ಷೆಗೆ ರಕ್ತ ತೆಗೆದರು, ಲಸಿಕೆಯ ಹೊಸ ಡೋಸನ್ನು ಒಂದು ತೋಳಿಗೆ ಹಾಕಿದರು. ಮುಖ್ಯವಾಗಿ ಬೇಕಾದ ಆ ಇನ್ನೊಂದು ಇಂಜೆಕ್ಷನ್ ಆಸ್ಪತ್ರೆಯ ಸ್ಟಾಕಿನಲ್ಲಿ ಇರಲಿಲ್ಲ. ಸುವರ್ಣಾ ಅಣ್ಣನಿಗೆ ಫೋನು ಮಾಡಿದಳು. ವಿಠ್ಠಲ ಯಾರದೋ ಬಿರಿಯಾನಿಯನ್ನು ಅರ್ಧ ದಾರಿಯಲ್ಲಿ ಇನ್ನೊಬ್ಬ ಹುಡುಗನ ಕೈಗೆ ಕೊಟ್ಟು, ಚೀಟಿಯ ಫೋಟೋ ಹಿಡಿದುಕೊಂಡು ಮೆಡಿಕಲ್ ಸ್ಟೋರುಗಳನ್ನು ಸುತ್ತಿದ. ಬಸವೇಶ್ವರನಗರದಲ್ಲಿ ಇಲ್ಲ, ಆರ್‌ಪಿಸಿ ಲೇಔಟಿನಲ್ಲಿ ನಾಳೆ ಬರುತ್ತದೆ, ವಿಜಯನಗರದ ಒಂದು ಕಡೆ ಫ್ರಿಜ್ಜಿನಲ್ಲಿ ಒಂದೇ ಒಂದು ಉಳಿದಿತ್ತು. ಆ ಎರಡು ಗಂಟೆ ಪಟಾಲಮ್ಮ ಕಾರಿಡಾರಿನಲ್ಲಿ ನಿಂತಳು. ಬೆಂಚಿನಲ್ಲಿ ಸುವರ್ಣಾ ಪಕ್ಕ ಜಾಗವಿತ್ತು, ಕೂರುವ ಧೈರ್ಯವಾಗಲಿಲ್ಲ. ಪ್ರಿನ್ಸಿಪಾಲರ ಕರೆ ಆರು ಸಲ ಬಂತು, ಎತ್ತಲಿಲ್ಲ.

ನಾಲ್ಕು ಗಂಟೆ ದಾಟಿದ ಮೇಲೆ ವಿಠ್ಠಲ ಊಟದ ಕೆಂಪು ಬ್ಯಾಗಿನೊಳಗೆ ಐಸಿನ ಮಧ್ಯೆ ಆ ಸಣ್ಣ ಶೀಷೆ ಇಟ್ಟುಕೊಂಡು ಓಡಿಬಂದ. ಹೆಲ್ಮೆಟ್ಟು ತೆಗೆಯುವುದನ್ನೂ ಮರೆತಿದ್ದ. "ತಡಾ ಆತೇನ್ರಿ?" ಎಂದು ಎಲ್ಲರನ್ನೂ ಕೇಳಿದ. ಡಾಕ್ಟರಮ್ಮ ಅವನ ಕೈಯಿಂದ ಶೀಷೆ ಇಸಿದುಕೊಂಡರು.

ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರಮ್ಮ ಪಟಾಲಮ್ಮನನ್ನು ಒಳಗೆ ಕರೆದರು. "ಮೊದಲನೇ ದಿನ ಬಂದಿದ್ರೆ ಧೈರ್ಯ ಹೇಳಿ ಕಳಿಸ್ತಿದ್ದೆ. ಆರನೇ ದಿನ ಇದು. ಕೊಟ್ಟಿದೀನಿ, ಆದ್ರೆ ಭರವಸೆ ಕೊಡಲ್ಲ. ಆರು ತಿಂಗ್ಳು ರಕ್ತ ನೋಡ್ತಾ ಇರ್ಬೇಕು. ಈಗ ನೀವ್ ಹೇಳಿದ್ದನ್ನ ಬರ್ದು ಸೈನ್ ಮಾಡಿ." ಬಿಳಿ ಹಾಳೆ ಮುಂದಿಟ್ಟರು.

ಪಟಾಲಮ್ಮ ಬರೆದಳು. ಅವಳ ಅಕ್ಷರ ಯಾವತ್ತಿನಂತೆ ದುಂಡಗೆ ಇರಲಿಲ್ಲ. ಸೈನು ಹಾಕಿ ಕೊಟ್ಟಾಗ ಡಾಕ್ಟರಮ್ಮ ಓದಿ ತಲೆಯೆತ್ತಿದರು.

"ಈ ಥರ ಎಷ್ಟು ಕಾರ್ಡ್ ಮಾಡಿದೀರಾ?"

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲ ಅಂದ್ರೆ?"

"ಯಾವ್ದು ನಿಜ ಯಾವ್ದು ಸುಳ್ಳು ಅಂತ ನನ್ಗೇ ತಿಳಿಯಲ್ಲ. ಪಟ್ಟಿ ಎಲ್ಲಾ ಹರ್ದು ಹಾಕ್ಬಿಟ್ಟಿದೀನಿ."

"ಹಾಗಾದ್ರೆ ಒಬ್ರಿಗೂ ಆಗಿಲ್ಲ ಅಂತಾನೇ ಲೆಕ್ಕ. ಈಗ್ಲೇ, ಈ ನಿಮಿಷ, ಎಲ್ರಿಗೂ ಹೇಳಿ. ಈಗ್ಲೂ ನಿಮ್ ಮಕ್ಳು ಮೇಲಿನ್ ವಾರ್ಡ್‌ನಲ್ಲಿ ಸೂಜಿ ಹಿಡ್ಕೊಂಡ್ ನಿಂತಿದಾರೆ."

ಕಾಲೇಜಿನ ನೋಟೀಸುಗಳನ್ನು ಹಾಕುವ ವಾಟ್ಸಾಪ್ ಗ್ರೂಪಿಗೆ ಪಟಾಲಮ್ಮನೇ ಅಡ್ಮಿನ್. ಫೀಸು, ಸಮವಸ್ತ್ರ, ಹಾಲ್ ಟಿಕೆಟ್ಟು ಎಂದು ದಿನಕ್ಕೆ ಮೂರು ಹಾಕುತ್ತಿದ್ದವಳು. ಕಾರಿಡಾರಿನ ಗೋಡೆಗೆ ಒರಗಿ ಟೈಪು ಮಾಡಿದಳು. 'ಮಕ್ಕಳೇ, ನಿಮ್ಮ ಹೆಪಟೈಟಿಸ್ ಬಿ ಕಾರ್ಡನ್ನು ನಂಬಬೇಡಿ. ಅದನ್ನು ನಾನು ತುಂಬಿಸಿದ್ದು. ಯಾರಿಗೂ ಲಸಿಕೆ ಪೂರ್ತಿ ಆಗಿಲ್ಲ ಎಂದೇ ತಿಳಿಯಿರಿ. ಈ ವಾರ ಯಾರಿಗಾದರೂ ಸೂಜಿ ತಾಗಿದ್ದರೆ ಈಗಲೇ ಕ್ಯಾಶುಯಾಲ್ಟಿಗೆ ಬನ್ನಿ. ತಪ್ಪು ನನ್ನದು. ಪಟಾಲಮ್ಮ.' ಕಳಿಸುವ ಗುಂಡಿ ಒತ್ತಿದಳು. ಕೆಲಸ ಹೋಯಿತು, ಪೊಲೀಸು ಬಂದರೂ ಬಂದೀತು ಎಂಬ ಯೋಚನೆ ಆಗ ಬಂತು, ಬಂದು ಹಾಗೇ ಹೋಯಿತು.

ಅರ್ಧ ನಿಮಿಷದಲ್ಲಿ ಉತ್ತರಗಳು ಬರತೊಡಗಿದವು. 'ಓಕೆ ಮ್ಯಾಮ್.' 'ನೋಟೆಡ್ ಮ್ಯಾಮ್.' 'ಓಕೆ ಮ್ಯಾಮ್.' ಕೈಮುಗಿದ ಚಿತ್ರ, ಹೆಬ್ಬೆರಳಿನ ಚಿತ್ರ. ಓದದೆಯೇ ಒತ್ತುವ ಅಭ್ಯಾಸ ಮಕ್ಕಳಿಗೆ, ಅದನ್ನು ಕಲಿಸಿದವಳೂ ಅವಳೇ. ಆಮೇಲೆ ಎಲ್ಲ ಒಮ್ಮೆಲೇ ನಿಂತಿತು. ಓದುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು.

ಮುಂದಿನ ಮೆಸೇಜು ಗ್ರೂಪಿಗೆ ಬರಲಿಲ್ಲ, ಅವಳೊಬ್ಬಳಿಗೇ ಬಂತು. ಕೊನೆಯ ವರ್ಷದ ಸಂಘಮಿತ್ರಾಳಿಂದ. ಯಾವತ್ತೂ ಹೆಚ್ಚು ಮಾತಾಡದ ಹುಡುಗಿ, ಸೇರಿದ ವರ್ಷ ಅವಳ ಕಾರ್ಡು ಪೂರ್ತಿ ಖಾಲಿ ಇತ್ತು.

'ಮ್ಯಾಮ್, ಮಾರ್ಚ್‌ನಲ್ಲಿ ನಂಗೂ ಚುಚ್ಚಿತ್ತು. ಆ ಪೇಷಂಟ್‌ಗೂ ಇದೇ ಇತ್ತು. ಕಾರ್ಡ್ ಫುಲ್ ಇದೆಯಲ್ಲ ಅಂತ ಯಾರಿಗೂ ಹೇಳ್ಲಿಲ್ಲ. ಎರಡು ತಿಂಗಳಿಂದ ತುಂಬಾ ಸುಸ್ತು ಮ್ಯಾಮ್. ಓದಿ ಓದಿ ಅನ್ಕೊಂಡಿದ್ದೆ. ಈಗ ನಾನ್ ಏನ್ ಮಾಡ್ಲಿ?'

ಪಟಾಲಮ್ಮ ಅದನ್ನು ಎರಡು ಸಲ ಓದಿದಳು. ಮಾ‌ರ್ಚಿನಿಂದ ನವೆಂಬರಿಗೆ ಬೆರಳು ಮಡಚಲು ಹೋಗಿ ಬಿಟ್ಟಳು. ಮತ್ತೆ ಡಾಕ್ಟರಮ್ಮನ ಬಾಗಿಲು ತಳ್ಳಿ ಒಳಗೆ ಹೋಗಿ, ಫೋನನ್ನು ಅವರ ಮುಂದೆ ಹಿಡಿದಳು. ಅವರು ಓದಿದರು. ಈ ಸಲ ದಿನಗಳ ಲೆಕ್ಕವನ್ನು ಅವರು ಎತ್ತಲೇ ಇಲ್ಲ. ಇಂಜೆಕ್ಷನ್ನಿನ ಚೀಟಿಯನ್ನೂ ಬರೆಯಲಿಲ್ಲ.

"ಆ ಹುಡುಗೀನ ಕರ್ಸಿ," ಎಂದರು. "ಅಪ್ಪ ಅಮ್ಮನ್ನೂ ಜೊತೇಲಿ ಬರೋದಕ್ ಹೇಳಿ."